ಖೋ ಸಿಗದೆ ಕೂತ ಹುಡುಗಿ: ಒಂದು ಶಾಲಾ ತಂಡದ ಪ್ರಕರಣ

ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿ ಪ್ರೌಢಶಾಲೆ. ಅಲ್ಲಿನ ಹುಡುಗಿಯರ ಖೋ ಖೋ ತಂಡಕ್ಕೆ ಡೌನ್ ಸಿಂಡ್ರೋಮ್ ಇರುವ ಹುಡುಗಿಯೊಬ್ಬಳು ಸೇರಿದಳು. ಸೇರಿಸಿಕೊಳ್ಳುವಾಗ ಯಾರೂ ಬೇಡ ಅನ್ನಲಿಲ್ಲ. ಆದರೆ ಆಮೇಲೆ ತಿಂಗಳುಗಟ್ಟಲೆ ಅವಳಿಗೆ ಯಾರೂ ಖೋ ಕೊಡಲೂ ಇಲ್ಲ. ಯಾಕೆ ಹಾಗಾಯಿತು, ನಾವು ಏನು ಬದಲಾಯಿಸಿದೆವು, ಏನು ಇನ್ನೂ ಸರಿಹೋಗಿಲ್ಲ ಅಂತ ಇಲ್ಲಿ ಬರೆಯುತ್ತಿದ್ದೇನೆ. ಊರು, ಶಾಲೆ, ಹುಡುಗಿ ಯಾರ ಹೆಸರೂ ಬೇಡ. ತಂಡದವರೆಲ್ಲ ಅವಳನ್ನು ತಂಗಿ ಅಂತಲೇ ಕರೆಯುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಮುಳುಗಿ, ಮೇಲೆ ಬಂದು ಕಟ್ಟಿಕೊಂಡ ಪುನರ್ವಸತಿ ಕೇಂದ್ರ ಇದು. ಮನೆಗಿಂತ ಬಯಲು ಜಾಸ್ತಿ. ಶಾಲೆಯ ಹಿಂದೆ ಕರಿ ಮಣ್ಣಿನ ಮೇಲೆ ಗರಸು ಹಾಕಿ ಗಟ್ಟಿ ಮಾಡಿದ ಅಂಕಣ ಇದೆ. ಎರಡು ಕಟ್ಟಿಗೆ ಕಂಬ, ಸುಣ್ಣದ ಗೆರೆ, ಅಷ್ಟೇ. ಖೋ ಖೋಗೆ ದುಡ್ಡಿನ ಸಾಮಾನು ಬೇಕಿಲ್ಲ, ಅದಕ್ಕೇ ನಮ್ಮ ಭಾಗದ ಸರ್ಕಾರಿ ಶಾಲೆಗಳಲ್ಲಿ ಹುಡುಗಿಯರು ಇದನ್ನು ಇಷ್ಟು ಆಡುತ್ತಾರೆ. ನಾನೂ ಶಾಲೆಯಲ್ಲಿ ಇದನ್ನೇ ಆಡಿ ಬೆಳೆದವಳು. ಈಗ ಸಂಜೆ ಹೊತ್ತು ಪಿಟಿ ಸರ್ ಜೊತೆ ನಿಂತು ಹುಡುಗಿಯರಿಗೆ ಹೇಳಿಕೊಡುತ್ತೇನೆ, ಅವರು ನನ್ನನ್ನು ಅಕ್ಕೋರ ಅನ್ನುತ್ತಾರೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು, ಭಾರತದ ಪುರುಷರ ತಂಡ, ಮಹಿಳೆಯರ ತಂಡ ಎರಡೂ ಗೆದ್ದ ಮೇಲಂತೂ ಅಂಕಣದಲ್ಲಿ ಕಾಲಿಡಲು ಜಾಗ ಇರಲಿಲ್ಲ.

ತಂಗಿ ಬಂದದ್ದೂ ಆ ವರ್ಷವೇ, ಎಂಟನೇ ತರಗತಿಗೆ. ಆಗ ಅವಳಿಗೆ 14. ಕಾಕಾನ ಮಗಳು ಆಗಲೇ ತಂಡದಲ್ಲಿದ್ದಳು, ಅವಳ ಬೆನ್ನು ಹಿಡಿದೇ ಇವಳು ಬಂದಳು. ಗಿಡ್ಡ, ಗುಂಡು ಮುಖ, ಎರಡು ಜಡೆ. ಯಾರ ಬಾಟಲಿಯಲ್ಲಿ ನೀರು ಮುಗಿದಿದೆ ಅಂತ ನಾವು ನೋಡುವ ಮೊದಲೇ ಅವಳು ನೋಡಿರುತ್ತಾಳೆ. ಮಾತು ಸ್ವಲ್ಪ ತೊದಲು. ಆದರೆ ನಾವು ಹೇಳಿದ್ದು ಅವಳಿಗೆ ಅರ್ಥ ಆಗುವುದು ಅವಳು ಹೇಳಿದ್ದು ನಮಗೆ ಅರ್ಥ ಆಗುವುದಕ್ಕಿಂತ ಎಷ್ಟೋ ಜಾಸ್ತಿ. ಡೌನ್ ಸಿಂಡ್ರೋಮ್ ಇರುವ ಬಹಳ ಮಕ್ಕಳಲ್ಲಿ ಹೀಗೇ, ಗ್ರಹಿಸುವ ಶಕ್ತಿ ಮುಂದೆ, ಮಾತು ಹಿಂದೆ. ಮಾತು ಹಿಂದಿದೆ ಅಂತ ಬುದ್ಧಿಯನ್ನೂ ಅಷ್ಟಕ್ಕೇ ಅಳೆದುಬಿಟ್ಟರೆ ಅಲ್ಲಿಂದಲೇ ಎಲ್ಲ ತಪ್ಪಲು ಶುರುವಾಗುತ್ತದೆ.

ಅವಳ ತಾಯಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ತಂಗಿ ಹುಟ್ಟಿದಾಗ ಆ ತಾಯಿಗೆ 22 ವರ್ಷ. ಗ್ರಹಣದ ದಿನ ಹೊರಗೆ ಹೋಗಿದ್ದಿ, ಅದಕ್ಕೇ ಹಿಂಗಾತು ಅಂತ ಓಣಿಯವರು ಹೇಳಿದ್ದನ್ನು ಅವರು ವರ್ಷಗಟ್ಟಲೆ ನಂಬಿದ್ದರು. ಗ್ರಹಣಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ನಮ್ಮ ಜೀವಕೋಶದಲ್ಲಿ 46 ಕ್ರೋಮೋಸೋಮ್ ಇರುತ್ತವೆ, ಡೌನ್ ಸಿಂಡ್ರೋಮ್ ಇರುವ ಬಹುತೇಕರಲ್ಲಿ 21ನೇದು ಎರಡರ ಬದಲು ಮೂರು ಇದ್ದು ಒಟ್ಟು 47 ಆಗುತ್ತದೆ. ಜಾನ್ ಲ್ಯಾಂಗ್ಡನ್ ಡೌನ್ ಎಂಬ ಇಂಗ್ಲೆಂಡಿನ ವೈದ್ಯರು 1866ರಲ್ಲೇ ಈ ಲಕ್ಷಣಗಳನ್ನು ಬರೆದಿಟ್ಟಿದ್ದರು. ಆ ಒಂದು ಹೆಚ್ಚುವರಿ ಕ್ರೋಮೋಸೋಮ್ ಗೊತ್ತಾಗಿದ್ದು 1959ರಲ್ಲಿ, ಫ್ರಾನ್ಸಿನಲ್ಲಿ. ಮಾರ್ಚ್ 21, ಅಂದರೆ ಮೂರನೇ ತಿಂಗಳ 21, ವಿಶ್ವ ಡೌನ್ ಸಿಂಡ್ರೋಮ್ ದಿನ ಆಗಿದ್ದೂ ಅದೇ ಲೆಕ್ಕದಲ್ಲಿ. ತಾಯಿಗೆ ವಯಸ್ಸು ಜಾಸ್ತಿಯಾದಷ್ಟೂ ಸಾಧ್ಯತೆ ಹೆಚ್ಚು ಅನ್ನೋದು ನಿಜ. ಆದರೆ ಹೆರಿಗೆಗಳೇ ಸಣ್ಣ ವಯಸ್ಸಿನವರಲ್ಲಿ ಜಾಸ್ತಿ, ಹಾಗಾಗಿ ಇಂಥ ಮಕ್ಕಳಲ್ಲಿ ಬಹುಪಾಲು ಹುಟ್ಟುವುದು ಸಣ್ಣ ವಯಸ್ಸಿನ ತಾಯಂದಿರಿಗೇ. ಇದನ್ನು ಶಾಲೆಗೆ ಬಂದ ವಿಶೇಷ ಶಿಕ್ಷಕಿಯೊಬ್ಬರು ಕೂತು ಬಿಡಿಸಿ ಹೇಳಿದಾಗ ಆ ತಾಯಿ ಕೇಳಿದ್ದು ಒಂದೇ ಮಾತು: "ಹಂಗಾದ್ರ ನಂದೇನೂ ತಪ್ಪಿಲ್ಲೇನ್ರಿ?"

ಸಾಲಿನಲ್ಲಿ ಕೂತಿದ್ದಳು, ಆಟದಲ್ಲಿ ಇರಲಿಲ್ಲ

ಖೋ ಖೋ ಗೊತ್ತಿಲ್ಲದವರು ನಮ್ಮಲ್ಲಿ ಕಡಿಮೆ, ಆದರೂ ಒಂದು ಸಾಲು. ಎಂಟು ಜನ ನಡುಗೆರೆಯ ಚೌಕಗಳಲ್ಲಿ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕೂತಿರುತ್ತಾರೆ. ಒಂಬತ್ತನೆಯವಳು ಎದುರು ತಂಡದ ರನ್ನರ್‌ಗಳನ್ನು, ಅಂದರೆ ತಪ್ಪಿಸಿಕೊಂಡು ಓಡುವವರನ್ನು, ಬೆನ್ನಟ್ಟುತ್ತಾಳೆ, ಅವಳು ಕೂತವಳ ಬೆನ್ನು ಮುಟ್ಟಿ ಖೋ ಅಂದರೆ ಇವಳು ಎದ್ದು ಓಡಬೇಕು, ಕೊಟ್ಟವಳು ಆ ಚೌಕದಲ್ಲಿ ಕೂರಬೇಕು. ಯಾರಿಗೆ ಖೋ ಕೊಡಬೇಕು ಅನ್ನುವುದು ಬೆನ್ನಟ್ಟುತ್ತಿರುವವಳ ಆಯ್ಕೆ. ನಮ್ಮ ಪ್ರಕರಣ ಪೂರ್ತಿ ನಿಂತಿರುವುದು ಈ ಆಯ್ಕೆಯ ಮೇಲೆ.

ತಂಗಿಯನ್ನು ಸಾಲಿನಲ್ಲಿ ಕೂರಿಸಿದರು. ಫೋಟೋ ತೆಗೆದರು. ಮುಖ್ಯೋಪಾಧ್ಯಾಯರು ಬಂದು ನೋಡಿ ಖುಷಿಪಟ್ಟರು. ಒಂದು ಸಂಜೆ ನಾನು ಯಾರಿಗೆ ಎಷ್ಟು ಖೋ ಬೀಳುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಾ ಕೂತೆ. ಇದನ್ನು ತಂಗಿಗೋಸ್ಕರ ಮಾಡಿದ್ದಲ್ಲ, ಎಲ್ಲರ ಆಟ ನೋಡಲು ಮಾಡಿದ್ದು. ಆಟ ಮುಗಿದಾಗ ಎಲ್ಲರ ಹೆಸರಿನ ಮುಂದೆ ಗೀಟುಗಳ ಸಾಲು. ಅವಳ ಹೆಸರಿನ ಮುಂದೆ ಒಂದೂ ಇಲ್ಲ. ಬೆನ್ನಟ್ಟುವವಳು ಅವಳ ಹತ್ತಿರ ಬಂದಾಗ ಕಾಲು ಒಂದು ಗಳಿಗೆ ಕೂಡ ನಿಲ್ಲುತ್ತಿರಲಿಲ್ಲ. ಅವಳ ಚೌಕ ದಾಟಿ ಹೋಗಿ ಮುಂದಿನವಳ ಬೆನ್ನಿಗೆ ಕೈ. ಪ್ರತಿ ಸಲ ತಂಗಿ ಎರಡೂ ಕೈ ಬೆರಳು ನೆಲಕ್ಕೆ ಊರಿ, ಹಿಮ್ಮಡಿ ಎತ್ತಿ ತಯಾರಾಗುತ್ತಿದ್ದಳು. ಪ್ರತಿ ಸಲ ಮತ್ತೆ ಹಿಮ್ಮಡಿ ಇಳಿಸುತ್ತಿದ್ದಳು. ಬರಬರುತ್ತಾ ಹಿಮ್ಮಡಿ ಎತ್ತುವುದನ್ನೇ ಬಿಟ್ಟಳು, ಗರಸಿನ ಕಲ್ಲು ಆರಿಸಿ ಗುಡ್ಡೆ ಹಾಕಲು ಶುರುಮಾಡಿದಳು. ಆಮೇಲೆ ಒಂದು ದಿನ ಯಾರೋ ಮನಸ್ಸು ಮಾಡಿ ಖೋ ಕೊಟ್ಟರು. ಅವಳು ಏಳಲೇ ಇಲ್ಲ. "ನೋಡ್ರಿ ಅಕ್ಕೋರ, ಕೊಟ್ರೂ ಏಳಂಗಿಲ್ಲ ಆಕಿ, ಭಾಳ ಹಠ" ಅಂತ ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು.

ಹುಡುಗಿಯರು ಕೆಟ್ಟವರಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಂಥ ಪ್ರಕರಣ ಓದುವವರು ಕೂಡಲೇ ಯಾರೋ ಒಬ್ಬ ಖಳನಾಯಕನನ್ನು ಹುಡುಕುತ್ತಾರೆ. ಅವಳ ಜಡೆ ಬಿಚ್ಚಿದರೆ ಕಟ್ಟುವವರು ಇವರೇ. ಚುರುಮುರಿ ತಂದರೆ ಮೊದಲ ಹಿಡಿ ಅವಳಿಗೇ. ದಾರಿಯಲ್ಲಿ ಯಾರಾದರೂ ಅವಳನ್ನು ಅಣಕಿಸಿದರೆ ಜಗಳಕ್ಕೇ ನಿಲ್ಲುತ್ತಾರೆ. ಪ್ರೀತಿಗೆ ಏನೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ನಂಬಿಕೆಗೆ. ಆಕಿಗೆ ಕೊಟ್ಟರೆ ರನ್ನರ್ ತಪ್ಪಿಸಿಕೊಳ್ಳುತ್ತಾಳೆ ಅನ್ನುವ ಲೆಕ್ಕ ಎಲ್ಲರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು, ಮತ್ತು ಆ ಲೆಕ್ಕ ಅವತ್ತಿನ ಮಟ್ಟಿಗೆ ಸರಿಯಾಗಿಯೂ ಇತ್ತು. ತಂಡದ ಆಟದಲ್ಲಿ ಒಬ್ಬರನ್ನು ಬೆಲೆ ಇರುವವರು ಅಂತ ಒಪ್ಪುವುದು ಅಂದರೆ ಪಂದ್ಯ ಬಿಗಿಯಾದಾಗಲೂ ಅವರಿಗೆ ಚೆಂಡು ಕೊಡುವುದು, ಪಾಸ್ ಕೊಡುವುದು, ಖೋ ಕೊಡುವುದು. ಅದು ಮುದ್ದು ಮಾಡಿದ್ದರಿಂದ ಬರುವುದಿಲ್ಲ. ಕೊಟ್ಟರೆ ಕೆಲಸ ಆಗುತ್ತದೆ ಅನ್ನುವ ಭರವಸೆಯಿಂದ ಬರುತ್ತದೆ, ಆ ಭರವಸೆ ಹುಟ್ಟಿಸುವ ಕೆಲಸ ಹೇಳಿಕೊಡುವವರದ್ದು.

ಹಠ ಅಂದದ್ದು ಕಿವಿಯ ತೊಂದರೆ

ಹಠ ಅನ್ನುವ ಮಾತು ವಿಶೇಷ ಶಿಕ್ಷಕಿಗೆ ಒಪ್ಪಿಗೆ ಆಗಲಿಲ್ಲ. ತಂಗಿಯ ಹಿಂದೆ ನಿಂತು, ಮುಖ ಕಾಣದ ಹಾಗೆ, ಮೆಲ್ಲಗೆ ಹೆಸರು ಕರೆದರು. ಎಡಗಡೆಯಿಂದ ಕರೆದಾಗ ತಿರುಗಿದಳು, ಬಲಗಡೆಯಿಂದ ಕರೆದಾಗ ಇಲ್ಲ. ಬಾಗಲಕೋಟೆಗೆ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿದರೆ, ಬಲಗಿವಿಯ ಪರದೆಯ ಹಿಂದೆ ನೀರು ನಿಂತಿತ್ತು. ಡೌನ್ ಸಿಂಡ್ರೋಮ್ ಇರುವವರ ಕಿವಿಯ ನಾಳ ಕಿರಿದು, ಗುಗ್ಗೆ ಕಟ್ಟುವುದು, ಒಳಗೆ ನೀರು ನಿಲ್ಲುವುದು ತುಂಬಾ ಸಾಮಾನ್ಯ. ಖೋ ಅನ್ನುವ ಕೂಗು ಹಿಂದಿನಿಂದ ಬರುತ್ತದೆ, ಸುತ್ತ ಗದ್ದಲ ಬೇರೆ. ಅವಳು ಏಳದ್ದಕ್ಕೆ ಅರ್ಧ ಕಾರಣ ಅದು, ಕೂಗು ಸರಿಯಾಗಿ ಕೇಳಿಸಿಯೇ ಇರಲಿಲ್ಲ. ಉಳಿದ ಅರ್ಧಕ್ಕೆ ಕಾರಣ ಇನ್ನೂ ಸರಳ: ಹೇಗಿದ್ದರೂ ಖೋ ಬರುವುದಿಲ್ಲ ಅಂತ ಅವಳು ಅಷ್ಟರಲ್ಲಿ ಕಲಿತುಬಿಟ್ಟಿದ್ದಳು.

ಕಿವಿಯ ಜೊತೆ ಉಳಿದದ್ದನ್ನೂ ತೋರಿಸಿಕೊಂಡು ಬಂದರು, ಇಂಥ ಮಕ್ಕಳನ್ನು ಆಟಕ್ಕೆ ಇಳಿಸುವ ಮುಂಚೆ ಇದನ್ನು ಮಾಡಲೇಬೇಕು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನ ಹೃದಯದ ತೊಂದರೆ ಇಟ್ಟುಕೊಂಡೇ ಹುಟ್ಟುತ್ತಾರೆ. ತಂಗಿಗೂ ಹೃದಯದಲ್ಲಿ ತೂತಿತ್ತು, ಕೂಸಿದ್ದಾಗಲೇ ಆಪರೇಷನ್ ಆಗಿದೆ. ಆಮೇಲೆ ಒಬ್ಬ ಡಾಕ್ಟರು "ಆಟಗೀಟ ಏನೂ ಬ್ಯಾಡ" ಅಂದಿದ್ದರಂತೆ, ತಾಯಿ ಅದನ್ನೇ ಹಿಡಿದುಕೊಂಡಿದ್ದರು. ಈಗ ಎಕೋ ಮಾಡಿಸಿ ನೋಡಿದ ಹೃದಯ ತಜ್ಞರು ಆಡಬಹುದು, ಸುಸ್ತಾದಾಗ ನಿಲ್ಲಲು ಬಿಡಿ ಅಂತ ಬರೆದುಕೊಟ್ಟರು. ಥೈರಾಯ್ಡ್ ಮಾತ್ರೆ ಮೊದಲೇ ನಡೆದಿತ್ತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಡಬೇಕಾದದ್ದನ್ನು ರೊಟ್ಟಿ ತಿಂದ ಮೇಲೆ ಕೊಡುತ್ತಿದ್ದರು, ಅದನ್ನು ಸರಿಮಾಡಿಸಿದರು.

ಎಲ್ಲಕ್ಕಿಂತ ಮುಖ್ಯ ಕುತ್ತಿಗೆ. ತಲೆಬುರುಡೆಯ ಕೆಳಗಿನ ಮೊದಲ ಎರಡು ಮೂಳೆಗಳ ನಡುವಿನ ಕಟ್ಟು ಇವರಲ್ಲಿ ಸಡಿಲ ಇರಬಹುದು. ಎಕ್ಸ್‌ರೇಯಲ್ಲಿ ಹತ್ತು ಜನರಲ್ಲಿ ಒಬ್ಬಿಬ್ಬರಿಗೆ ಇದು ಕಾಣುತ್ತದೆ. ತೊಂದರೆ ಕೊಡುವುದು ಅದಕ್ಕಿಂತ ಎಷ್ಟೋ ಕಡಿಮೆ ಜನಕ್ಕೆ. ಆದರೆ ಕೊಟ್ಟಾಗ ಬೆನ್ನುಹುರಿಗೇ ಪೆಟ್ಟು. ಎಕ್ಸ್‌ರೇ ಚೆನ್ನಾಗಿದ್ದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ನಡಿಗೆ ಬದಲಾಗಿದೆಯಾ, ಕೈಯ ಹಿಡಿತ ಸಡಿಲವಾಗಿದೆಯಾ, ಕುತ್ತಿಗೆ ನೋವು ಅಂತಾಳಾ, ತಲೆ ಒಂದು ಕಡೆ ವಾಲಿಸುತ್ತಾಳಾ, ಇದ್ದಕ್ಕಿದ್ದಂತೆ ಬಟ್ಟೆಯಲ್ಲೇ ಮೂತ್ರ ಆಗುತ್ತಿದೆಯಾ ಅಂತ ಗಮನ ಇಟ್ಟಿರಬೇಕು. ಇದರಲ್ಲಿ ಒಂದು ಕಂಡರೂ ಆಟ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಈ ಪಟ್ಟಿಯನ್ನು ಪಿಟಿ ಸರ್ ತಮ್ಮ ಕೋಣೆಯ ಕಪಾಟಿನ ಒಳಬಾಗಿಲಿಗೆ ಅಂಟಿಸಿದ್ದಾರೆ. ಕಬಡ್ಡಿಗೆ ಅವಳನ್ನು ಕಳಿಸಬೇಡಿ ಅಂತ ನಾನು ಹೇಳುವುದೂ ಇದೇ ಕಾರಣಕ್ಕೆ. ಖೋ ಖೋದಲ್ಲಿ ಎಳೆದಾಟ ಇಲ್ಲ. ಅಪಾಯ ಹೆಚ್ಚಾಗಿ ಇರುವುದು ಎರಡು ಕಡೆ: ಕಂಬದ ಹತ್ತಿರ ಹಾರಿ ಬೀಳುವ ಡೈವ್, ಮತ್ತು ಖೋ ಕೊಡುವಾಗ ರಭಸದಲ್ಲಿ ಹಿಂದಿನಿಂದ ದೂಡುವುದು. ತಂಗಿಗೆ ಡೈವ್ ಇಲ್ಲ, ಅದು ಖಂಡಿತ. ದೂಡುವುದನ್ನು ಎಲ್ಲರಿಗೂ ನಿಲ್ಲಿಸಿದೆವು.

ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಆರೋಗ್ಯ ನೋಡುವ ಸರ್ಕಾರದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುತ್ತದೆ, ಅವರು ನೋಡುವ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಕೂಡ ಇದೆ. ಹಳ್ಳಿಯ ತಂದೆತಾಯಿ ಯಾವ ಬಾಗಿಲು ಬಡಿಯಬೇಕು ಅಂತ ತಿಳಿಯದಿದ್ದರೆ ಅಲ್ಲಿಂದ ಶುರುಮಾಡಬಹುದು.

ಬೆನ್ನಿನ ಯಾವ ಕಡೆ ಮುಟ್ಟಬೇಕು

ಈಗ ಆಟದ ಮಾತು. ನನಗೆ ತುಂಬಾ ಇಷ್ಟವಾದ ಭಾಗ ಇದು.

ಖೋ ಸಿಕ್ಕ ಮೇಲೆ ಎದ್ದವಳು ತನ್ನ ಮುಖ ಇರುವ ಕಡೆಗೇ ಇಳಿಯಬೇಕು, ನಡುಗೆರೆ ದಾಟುವಂತಿಲ್ಲ. ಎಡ ಕಂಬದ ಕಡೆಗೋ ಬಲ ಕಂಬದ ಕಡೆಗೋ ಒಮ್ಮೆ ತಿರುಗಿದರೆ ನಡುವೆ ವಾಪಸ್ ತಿರುಗುವಂತಿಲ್ಲ. ಅಂದರೆ ಏಳುವ ಹೊತ್ತಿಗೇ ದಿಕ್ಕು ಗೊತ್ತಿರಬೇಕು. ಉಳಿದವರು ಕುತ್ತಿಗೆ ತಿರುಗಿಸಿ ರನ್ನರ್ ನೋಡಿ ತೀರ್ಮಾನ ಮಾಡುತ್ತಾರೆ, ಅಥವಾ ಯಾರಾದರೂ ಎಡ, ಬಲ ಅಂತ ಕೂಗುತ್ತಾರೆ. ತಂಗಿಗೆ ಕೂಗು ಕೇಳಿಸುವುದು ಕಷ್ಟ. ಕೇಳಿಸಿದರೂ ಮಾತನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡು ಎಡ ಯಾವುದು ಅಂತ ಯೋಚಿಸಿ ಏಳುವಷ್ಟರಲ್ಲಿ ರನ್ನರ್ ಆ ತುದಿ ಮುಟ್ಟಿರುತ್ತಾಳೆ. ಇವರಲ್ಲಿ ಕಿವಿಯಿಂದ ಕೇಳಿದ್ದನ್ನು ಕ್ಷಣಕ್ಕೆ ನೆನಪಿಡುವ ಶಕ್ತಿ ಕಡಿಮೆ, ಕಣ್ಣಿಂದ ನೋಡಿ ಕಲಿಯುವ ಶಕ್ತಿ ಚೆನ್ನಾಗಿರುತ್ತದೆ.

ದಾರಿ ತೋರಿಸಿದವಳು ಅವಳ ಕಾಕಾನ ಮಗಳು. ಖೋ ಕೊಡಲು ಬೆನ್ನು ಹೇಗೂ ಮುಟ್ಟಲೇಬೇಕು. ಬೆನ್ನಿನ ಬಲಭಾಗ ಮುಟ್ಟಿದರೆ ಬಲಕ್ಕೆ ಓಡು, ಎಡಭಾಗ ಮುಟ್ಟಿದರೆ ಎಡಕ್ಕೆ ಓಡು ಅಂತ ಮಾಡಿದರೆ ಹೇಗೆ? ಕೊಡುವವಳು ಹಿಂದಿನಿಂದ ಬರುವುದರಿಂದ ಇಬ್ಬರ ಎಡಬಲ ಒಂದೇ, ಗೊಂದಲ ಇಲ್ಲ. ನಿಯಮವೂ ಮುರಿಯುವುದಿಲ್ಲ. ಹುಡುಗಿ ಇದನ್ನು ಮನೆಯಲ್ಲಿ, ಪಡಸಾಲೆಯಲ್ಲಿ, ತಂಗಿ ಜೊತೆ ಆಗಲೇ ಆಡಿ ನೋಡಿಯೂ ಬಿಟ್ಟಿದ್ದಳು. ಮೊದಮೊದಲು ಬಲ ಮುಂಗೈಗೆ ಕೆಂಪು ರಿಬ್ಬನ್, ಎಡಕ್ಕೆ ಹಳದಿ ಕಟ್ಟಿ, ಅದೇ ಬಣ್ಣದ ಬಟ್ಟೆ ಆಯಾ ಕಡೆಯ ಕಂಬಕ್ಕೂ ಸುತ್ತಿದೆವು. ಬಾಯಿಂದ ವಿವರಿಸುವುದನ್ನು ಕಡಿಮೆ ಮಾಡಿ ಒಬ್ಬರು ಮಾಡಿ ತೋರಿಸುವುದು, ಅವಳು ಮಾಡುವುದು, ಮತ್ತೆ ತೋರಿಸುವುದು. ಒಂದು ಸಂಜೆಗೆ ಒಂದೇ ವಿಷಯ. ನಾಳೆ ಇನ್ನೊಂದು ಅಂತ ಅವಸರ ಮಾಡಲಿಲ್ಲ. ಸ್ವಲ್ಪ ಕಾಲದ ನಂತರ ರಿಬ್ಬನ್ ಬೇಕಾಗಲಿಲ್ಲ, ಮುಟ್ಟಿದ ಕಡೆಗೆ ಮೈ ತಾನಾಗಿ ತಿರುಗುತ್ತಿತ್ತು.

ಎರಡನೆಯದು ಜಾಗ. ಅವಳ ಸ್ನಾಯುಗಳಲ್ಲಿ ಬಿಗಿ ಕಡಿಮೆ, ಕೀಲುಗಳು ಸಡಿಲ, ಪಾದ ಚಪ್ಪಟೆ. ಕೂರುವುದು ಸಲೀಸು, ಚಂಗನೆ ಏಳುವುದು ಕಷ್ಟ. ಉದ್ದಕ್ಕೆ ಓಡಿದರೆ ಬೇಗ ಸುಸ್ತಾಗುತ್ತಾಳೆ. ಇದು ಸೋಮಾರಿತನ ಅಲ್ಲ, ಡೌನ್ ಸಿಂಡ್ರೋಮ್ ಇರುವವರ ಹೃದಯ ಎಷ್ಟೇ ಓಡಿದರೂ ಬೇರೆಯವರಷ್ಟು ಜೋರಾಗಿ ಬಡಿಯುವ ಮಟ್ಟಕ್ಕೆ ಹೋಗುವುದಿಲ್ಲ. ಹಾಗಾಗಿ ಅವಳನ್ನು ನಡುವಿನ ಚೌಕದಲ್ಲಿ ಕೂರಿಸಿದೆವು. ಅವಳು ಎದ್ದು ಮುಂದಕ್ಕೆ ಇಳಿದ ಕೂಡಲೇ ಪಕ್ಕದ ಚೌಕದವಳ ಬೆನ್ನು ಕೈಗೇ ಸಿಗುತ್ತದೆ, ಯಾಕೆಂದರೆ ಪಕ್ಕದವಳು ಆ ಕಡೆ ಮುಖ ಮಾಡಿ ಕೂತಿರುತ್ತಾಳೆ. ಏಳು, ಎರಡು ಹೆಜ್ಜೆ, ಖೋ. ರನ್ನರ್ ನಡುವಿನಲ್ಲಿ ಆ ಕಡೆ ಈ ಕಡೆ ನುಸುಳುವಾಗ ಈ ದಿಢೀರ್ ಖೋ ಬಹಳ ಉಪಯೋಗ. ಇನ್ನೊಂದು ಸಂಗತಿ ಪಂದ್ಯಗಳಲ್ಲಿ ಗೊತ್ತಾಯಿತು. ಎದುರು ತಂಡದವರು ತಂಗಿಯನ್ನು ನೋಡಿ, ಅವಳ ಅಕ್ಕಪಕ್ಕ ತಿರುಗಿದರೆ ಸುರಕ್ಷಿತ ಅಂದುಕೊಳ್ಳುತ್ತಾರೆ. ನಾವು ಅವಳ ಪಕ್ಕದ ಚೌಕದಲ್ಲಿ ನಮ್ಮ ಅತಿ ವೇಗದ ಹುಡುಗಿಯನ್ನು ಕೂರಿಸುತ್ತೇವೆ. ಉಳಿದದ್ದು ನೀವೇ ಊಹಿಸಿ.

ಮೂರನೆಯದನ್ನು ನಾವು ಹುಡುಕಿಕೊಂಡು ಹೋಗಿರಲಿಲ್ಲ. ಖೋ ಬೀಳುವ ಮೊದಲೇ ಏಳುವುದು, ಮುಟ್ಟುವುದೊಂದು ಹೊತ್ತಿಗೆ ಕೂಗುವುದೊಂದು ಹೊತ್ತಿಗೆ ಆಗುವುದು, ಇವೆಲ್ಲ ಫೌಲ್. ನಮ್ಮ ತಂಡಕ್ಕೆ ಇದು ಹಳೇ ರೋಗ. ಅಂಪೈರ್ ಸೀಟಿ ಊದಿದರೆ ಹಿಡಿಯಬೇಕಿದ್ದ ರನ್ನರ್ ಕೈತಪ್ಪಿ ಹೋಗುತ್ತಾಳೆ. ತಂಗಿ ಕಲಿಸಿದ್ದನ್ನು ಕಲಿಸಿದ ಹಾಗೆಯೇ ಮಾಡುತ್ತಾಳೆ. ಮುಟ್ಟದೆ ಏಳುವುದಿಲ್ಲ. ಮುಟ್ಟುವುದು, ಕೂಗುವುದು ಒಟ್ಟಿಗೆ. ಬೇರೆ ಮಾತು ತೊದಲಿದರೂ ಅವಳ ಖೋ ಮಾತ್ರ ಶಾಲೆಯ ಗಂಟೆ ಹೊಡೆದ ಹಾಗೆ ಕೇಳಿಸುತ್ತದೆ. ಪಿಟಿ ಸರ್ ಫೌಲ್ ಬರೆದಿಟ್ಟ ಪುಟದಲ್ಲಿ ಅವಳದ್ದೇ ಎಲ್ಲರಿಗಿಂತ ಕಡಿಮೆ. ಆ ಪುಟವನ್ನು ಅವರು ಇಡೀ ತಂಡಕ್ಕೆ ತೋರಿಸಿದರು. ನನ್ನ ಪ್ರಕಾರ ಹುಡುಗಿಯರ ಮನಸ್ಸು ತಿರುಗಿದ್ದು ಅವತ್ತೇ. ಯಾರೂ ಭಾಷಣ ಮಾಡಲಿಲ್ಲ. ಮರುದಿನದಿಂದ ಖೋ ಬೀಳಲು ಶುರುವಾಯಿತು.

ಪಕ್ಕದ ಊರಿನ ಹಣಮಪ್ಪನ ಓಕುಳಿಗೆ ಪಂದ್ಯ ಇಟ್ಟಿದ್ದರು. ಮೈಕ್, ಹಲಗಿ, ಜನ, ಕಿವಿಯ ಹತ್ತಿರ ಬಂದು ಕೂಗಿದರೂ ಕೇಳದಷ್ಟು ಗದ್ದಲ. ಬೇರೆ ತಂಡದವರು ಎಡ ಬಲ ಅಂತ ಅರಚುತ್ತಿದ್ದರು. ನಮ್ಮವರು ಎಲ್ಲರೂ, ಎಂಟು ಚೌಕದವರೂ, ತಂಗಿಯ ಸ್ಪರ್ಶದ ಗುರುತಿನಲ್ಲೇ ಆಡಿದರು.

ಒಂಬತ್ತರಲ್ಲಿ ಯಾರು

ತಾಲ್ಲೂಕು ಮಟ್ಟದ ಪಂದ್ಯ ಹತ್ತಿರ ಬಂದಾಗ ಇನ್ನೊಂದು ಜಗಳ. ತಂಡದಲ್ಲಿ 12 ಜನ, ಅಂಕಣಕ್ಕೆ ಇಳಿಯುವವರು 9. ತಂಗಿ ಇಳಿದರೆ ಇನ್ನೊಬ್ಬಳು ಹೊರಗೆ. ಆ ಇನ್ನೊಬ್ಬಳ ತಾಯಿ ಶಾಲೆಗೆ ಬಂದು ನೇರವಾಗಿ ಕೇಳಿದರು: "ನಮ್ಮ ಹುಡುಗಿ ಜೋರ್ ಓಡ್ತಾಳ. ಆಕಿಗೆ ಪಾಪ ಅಂತ ಕೊಟ್ಟು ನಮ್ಮಕಿಗೆ ಯಾಕ್ ಅನ್ಯಾಯ ಮಾಡ್ತೀರಿ ಸರ?" ಈ ಮಾತನ್ನು ಕಲ್ಲು ಮನಸ್ಸಿನ ಮಾತು ಅಂತ ತಳ್ಳಿಹಾಕುವುದು ತಪ್ಪು. ಹಳ್ಳಿ ಹುಡುಗಿಗೆ ಆಟದ ಸರ್ಟಿಫಿಕೇಟು ಮುಂದಿನ ಓದಿಗೆ, ಹಾಸ್ಟೆಲ್ಲಿಗೆ ದಾರಿ ಆಗಬಹುದು. ಪಾಪ ಅಂತ ಜಾಗ ಕೊಟ್ಟಿದ್ದರೆ ಆ ತಾಯಿ ಹೇಳಿದ್ದು ಸರಿಯೇ ಆಗುತ್ತಿತ್ತು.

ಪಿಟಿ ಸರ್‌ಗೆ ಕಾನೂನಿನ ಚಿಂತೆಯೂ ಇತ್ತು, ಆಡಿಸಬಹುದಾ ಅಂತ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಅವರ ಮುಂದೆ ಇಟ್ಟೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಈ ಮಕ್ಕಳನ್ನು ಭೇದ ಮಾಡದೆ ಸೇರಿಸಿಕೊಳ್ಳಬೇಕು, ಆಟೋಟದಲ್ಲೂ ಉಳಿದವರಿಗೆ ಸಮನಾದ ಅವಕಾಶ ಕೊಡಬೇಕು ಅಂತ ಅದು ಹೇಳುತ್ತದೆ. 30ನೇ ಸೆಕ್ಷನ್ ಪೂರ್ತಿ ಕ್ರೀಡೆಯ ಬಗ್ಗೆಯೇ ಇದೆ. ಅಂದರೆ ಶಾಲೆ ದಯೆ ತೋರಿಸುತ್ತಿಲ್ಲ, ಅವಳ ಹಕ್ಕು ಅದು. ಆದರೆ ಕಾನೂನು ಅವಕಾಶ ಕೊಡಿಸುತ್ತದೆ, ಯಾವ ಪಂದ್ಯದಲ್ಲಿ ಯಾರು ಇಳಿಯಬೇಕು ಅಂತ ಹೇಳುವುದಿಲ್ಲ. ಅದನ್ನು ಪಿಟಿ ಸರ್ ತಮ್ಮದೇ ರೀತಿಯಲ್ಲಿ ಬಿಡಿಸಿದರು. ದಿನಾ ಬರುತ್ತಾರಾ, ಎಷ್ಟು ಫೌಲ್, ಎಷ್ಟು ಖೋ ಕೆಲಸಕ್ಕೆ ಬಂತು, ಎಷ್ಟು ಹೊತ್ತು ರನ್ನರ್ ಆಗಿ ಉಳಿದರು, ಇಷ್ಟನ್ನೂ ಹನ್ನೆರಡೂ ಜನಕ್ಕೆ ಬರೆದು ಗೋಡೆಗೆ ಹಾಕಿದರು. ರನ್ನರ್ ಆಗಿ ತಂಗಿ ಕೊನೆಯಲ್ಲಿದ್ದಳು. ಉಳಿದದ್ದರಲ್ಲಿ ಮೇಲಿದ್ದಳು. ಒಂಬತ್ತರಲ್ಲಿ ಬಂದಳು, ಓಡುವ ಸರದಿಯಲ್ಲಿ ಮೂರನೇ ಬ್ಯಾಚಿನಲ್ಲಿ. ಆ ತಾಯಿಗೆ ಪೂರ್ತಿ ಸಮಾಧಾನ ಆಯಿತು ಅಂತ ನಾನು ಹೇಳಲಾರೆ. ಆದರೆ ಗೋಡೆಯ ಪಟ್ಟಿ ನೋಡಿ, ಮತ್ತೆ ಪಾಪ ಅನ್ನುವ ಮಾತು ತೆಗೆಯಲಿಲ್ಲ.

ಪಂದ್ಯದಲ್ಲಿ ನೋವಾದದ್ದು ಸೋಲಿನಿಂದ ಅಲ್ಲ. ಮೊದಲ ಪಂದ್ಯ ಗೆದ್ದೆವು, ಎರಡನೆಯದರಲ್ಲಿ ನಮಗಿಂತ ಚೆನ್ನಾಗಿ ಆಡಿದ ತಂಡದ ಎದುರು ಸೋತೆವು, ಅದು ಆಟ. ಆದರೆ ಮೊದಲ ಪಂದ್ಯದಲ್ಲಿ ಎದುರು ತಂಡದ ಒಬ್ಬ ರನ್ನರ್, ತಂಗಿ ಎದ್ದು ಬಂದಾಗ ಓಡದೆ ನಿಂತಳು. ನಗುತ್ತಾ ಕೈ ಚಾಚಿ ನಿಂತಳು. ತಂಗಿ ಮುಟ್ಟಿದಳು, ಔಟ್. ಸುತ್ತಲಿದ್ದವರು ಜೋರು ಚಪ್ಪಾಳೆ ಹೊಡೆದರು, ಯಾರೋ ಮೊಬೈಲಿನಲ್ಲಿ ವಿಡಿಯೋ ಮಾಡಿದರು. ಅವರೆಲ್ಲ ಒಳ್ಳೆಯದನ್ನೇ ಮಾಡುತ್ತಿದ್ದೇವೆ ಅಂದುಕೊಂಡಿದ್ದರು. ತಂಗಿ ನಗಲಿಲ್ಲ. ಸರದಿ ಮುಗಿದ ಮೇಲೆ ನನ್ನ ಹತ್ತಿರ ಬಂದು, ನೀರು ಕುಡಿಯದೆ, ಆ ಹುಡುಗಿಯ ಕಡೆ ಬೆರಳು ಮಾಡಿ "ಆಕಿ ಓಡ್ಲಿಲ್ಲ" ಅಂದಳು. ಎರಡು ಸಲ ಅಂದಳು. ನಮ್ಮ ಕ್ಯಾಪ್ಟನ್ ಎದುರು ತಂಡದ ಕ್ಯಾಪ್ಟನ್ ಹತ್ತಿರ ಹೋಗಿ, "ನಮ್ಮ ತಂಗಿಗೆ ಆಟ ಗೊತ್ತೈತಿ, ನೀವು ಓಡ್ರಿ" ಅಂತ ಹೇಳಿ ಬಂದಳು. ಮುಂದಿನ ಸರದಿಯಲ್ಲಿ ಅವರು ಓಡಿದರು. ತಂಗಿಗೆ ಆಮೇಲೆ ಒಬ್ಬರೂ ಔಟ್ ಸಿಗಲಿಲ್ಲ. ಆದರೆ ಅವಳು ಕೊಟ್ಟ ದಿಢೀರ್ ಖೋದಿಂದ ಪಕ್ಕದವಳು ಒಬ್ಬಳನ್ನು ಹಿಡಿದಳು. ಆಗ ತಂಗಿ ಕೂತಲ್ಲೇ ಎರಡೂ ಕೈ ಮೇಲೆತ್ತಿದಳು, ಅಂಪೈರ್ ಕೆಳಗಿಳಿಸು ಅಂತ ಸನ್ನೆ ಮಾಡುವವರೆಗೂ ಇಳಿಸಲಿಲ್ಲ.

ಸುಮ್ನೆ ಬಿಟ್ಟುಕೊಡುವುದು ಎಷ್ಟು ದೊಡ್ಡ ಅವಮಾನ ಅಂತ ಬಲ್ಲವರು ನಿಯಮವನ್ನೇ ಬೇರೆ ರೀತಿ ಬರೆದಿದ್ದಾರೆ. ಯೂನಿಸ್ ಕೆನಡಿ ಶ್ರೈವರ್ 1968ರಲ್ಲಿ ಶುರುಮಾಡಿದ ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ಯೂನಿಫೈಡ್ ಸ್ಪೋರ್ಟ್ಸ್ ಅಂತ ಒಂದು ವಿಭಾಗ ಇದೆ. ಬೌದ್ಧಿಕ ಅಂಗವಿಕಲತೆ ಇರುವವರೂ ಇಲ್ಲದವರೂ ಒಂದೇ ತಂಡದಲ್ಲಿ ಆಡುತ್ತಾರೆ. ವಾಲಿಬಾಲ್ ಆದರೆ ಅಂಕಣದಲ್ಲಿ ಮೂರು ಜನ ಇವರು, ಮೂರು ಜನ ಅವರು. ವಯಸ್ಸು, ಆಟದ ಮಟ್ಟ ಹತ್ತಿರ ಇರುವವರನ್ನೇ ಜೋಡಿಸಬೇಕು, ಜೊತೆಗಾರರು ಆಟವನ್ನೆಲ್ಲ ತಾವೇ ನುಂಗುವಂತಿಲ್ಲ. ನಮ್ಮ ದೇಶದಲ್ಲಿ ಇದನ್ನು ನಡೆಸುವುದು ಸ್ಪೆಷಲ್ ಒಲಿಂಪಿಕ್ಸ್ ಭಾರತ್. 2023ರಲ್ಲಿ ಬರ್ಲಿನ್‌ನಲ್ಲಿ ನಡೆದ ವಿಶ್ವ ಕ್ರೀಡಾಕೂಟದಿಂದ ನಮ್ಮ ತಂಡ 202 ಪದಕ ತಂದಿತು, ಅದರಲ್ಲಿ 76 ಚಿನ್ನ. ಈ ಸುದ್ದಿ ನಮ್ಮ ಹುಡುಗಿಯರಿಗೆ ಗೊತ್ತೇ ಇರಲಿಲ್ಲ. ಹೇಳಿದಾಗ ಕ್ಯಾಪ್ಟನ್ ಕೇಳಿದ ಮೊದಲ ಪ್ರಶ್ನೆ, ಅಲ್ಲಿ ಖೋ ಖೋ ಐತೇನ್ರಿ ಅಂತ. ತಂಗಿಯನ್ನು ಅಂಥ ಆಯ್ಕೆಗೆ ಕಳಿಸುವ ಯೋಚನೆ ಇದೆ. ವಾಲಿಬಾಲ್ ಸರ್ವಿಸ್ ಅವಳಿಗೆ ಚೆನ್ನಾಗಿ ಕೂಡಿಬರುತ್ತದೆ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಇದೆ, ವೈದ್ಯಕೀಯ ಫಾರ್ಮ್ ತುಂಬಿಸಬೇಕು.

ಸರಿಹೋಗದ್ದು ಇನ್ನೂ ಇದೆ. ಹೊರ ಊರಿನ ಪಂದ್ಯಕ್ಕೆ ರಾತ್ರಿ ಉಳಿಯಬೇಕಾದರೆ ತಾಯಿ ಬರಲೇಬೇಕು ಅಂತಾರೆ. ಬಂದರೆ ಅವರ ಕೂಲಿ ಹೋಗುತ್ತದೆ, ತಂದೆ ಕಬ್ಬಿನ ಟ್ರ್ಯಾಕ್ಟರ್ ಮೇಲೆ ಇರುತ್ತಾರೆ. ಮುಟ್ಟಿನ ದಿನಗಳಲ್ಲಿ ತಂಗಿ ತಾನೇ ಸಂಭಾಳಿಸಿಕೊಳ್ಳುವುದನ್ನು ಕಾಕಾನ ಮಗಳು, ವಿಶೇಷ ಶಿಕ್ಷಕಿ ಸೇರಿ ಚಿತ್ರ ಬರೆದು ಕಲಿಸುತ್ತಿದ್ದಾರೆ. ಅರ್ಧ ಕಲಿತಿದ್ದಾಳೆ. ಬಲಗಿವಿಗೆ ಚಿಕಿತ್ಸೆ ನಡೆದಿದೆ, ಮಳೆಗಾಲದಲ್ಲಿ ನೆಗಡಿ ಬಂದರೆ ಮತ್ತೆ ಅದೇ ಗೋಳು. ಏಪ್ರಿಲ್ ಬಿಸಿಲಿಗೆ ಅವಳು ಉಳಿದವರಿಗಿಂತ ಬೇಗ ಬಾಡುತ್ತಾಳೆ, ಅದಕ್ಕೆ ಬೇಸಿಗೆಯಲ್ಲಿ ಎಲ್ಲರ ಅಭ್ಯಾಸವನ್ನೂ ಸಂಜೆ ಐದೂವರೆ ಮೇಲಕ್ಕೆ ಸರಿಸಿದೆವು. ಹತ್ತನೇ ತರಗತಿ ಮುಗಿದ ಮೇಲೆ ಎಲ್ಲಿ ಆಡುತ್ತಾಳೆ ಅನ್ನುವುದಕ್ಕೆ ಈ ಊರಲ್ಲಿ ಈಗ ಉತ್ತರ ಇಲ್ಲ. ಉಳಿದ ಹುಡುಗಿಯರಿಗೂ ಇಲ್ಲ. ಶಾಲೆ ಬಿಟ್ಟ ಹುಡುಗಿಯರಿಗೆ ಸಂಜೆ ತಂಡ ಒಂದು ಕಟ್ಟಬೇಕು ಅಂತ ಓಡಾಡುತ್ತಿದ್ದೇವೆ. ಪಂಚಾಯಿತಿಯಿಂದ ಎರಡು ದೀಪದ ಕಂಬ ಸಿಕ್ಕರೆ ಸಾಕು.

ತಂಗಿ ಈಗ ಒಂಬತ್ತನೇ ತರಗತಿ. ಈ ವರ್ಷದ ತಾಲ್ಲೂಕು ಪಂದ್ಯಕ್ಕೆ ಹೆಸರು ಕಳಿಸುವ ಹೊತ್ತು ಬಂದಿದೆ. ಹನ್ನೆರಡು ಹೆಸರಿನಲ್ಲಿ ಅವಳದೂ ಇದೆ. ಎಂಟನೇ ತರಗತಿಯಿಂದ ಇಬ್ಬರು ಚುರುಕು ಹುಡುಗಿಯರು ಬಂದಿದ್ದಾರೆ, ಹಾಗಾಗಿ ಒಂಬತ್ತರಲ್ಲಿ ಅವಳ ಜಾಗ ಈ ಸಲ ಗಟ್ಟಿ ಇಲ್ಲ. ಗೋಡೆಯ ಪಟ್ಟಿ ನೋಡಿ ಪಂದ್ಯದ ದಿನ ಬೆಳಿಗ್ಗೆ ಪಿಟಿ ಸರ್ ತೀರ್ಮಾನ ಮಾಡುತ್ತಾರೆ, ಉಳಿದ ಹನ್ನೊಂದು ಜನಕ್ಕೆ ಮಾಡುವ ಹಾಗೆಯೇ. ಅದು ಗೊತ್ತಾದ ಮೇಲೆ ತಂಗಿ ಅಭ್ಯಾಸಕ್ಕೆ ಎಲ್ಲರಿಗಿಂತ ಮೊದಲೇ ಬಂದು ಸುಣ್ಣದ ಡಬ್ಬಿ ಹಿಡಿದು ನಿಂತಿರುತ್ತಾಳೆ.